ನೆಂಟರಿಗೆ ಎಷ್ಟು ಕೋಳಿ? ಒಂದು ಮನೆಲೆಕ್ಕದ ಚರಿತ್ರೆ

ನಿಮ್ಮ ಗಣಿತದ ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಲೆಕ್ಕವನ್ನು ಮೊದಲು ನಿಮ್ಮ ಮುಂದಿಡುತ್ತೇನೆ. ಭಾನುವಾರ ಮಧ್ಯಾಹ್ನ ಮನೆಗೆ 30 ಮಂದಿ ನೆಂಟರು ಊಟಕ್ಕೆ ಬರುತ್ತಾರೆ. ಎಷ್ಟು ಕೋಳಿ ತರಬೇಕು?

ವಿಜಯನಗರದ ಯಾವುದಾದರೂ ಕೋಳಿ ಅಂಗಡಿಗೆ ಹೋಗಿ ಇದನ್ನು ಕೇಳಿದರೆ ಅಂಗಡಿಯವರು ಉತ್ತರಕ್ಕೆ ಬದಲು ಪ್ರಶ್ನೆಯನ್ನೇ ಹಾಕುತ್ತಾರೆ: "ಎಷ್ಟು ಕೆ.ಜಿ. ಸಾರ್? ವಿತ್ ಸ್ಕಿನ್ನಾ, ವಿತೌಟ್ ಸ್ಕಿನ್ನಾ?" ಇದೇ ಮಾತನ್ನು ಮನೆಯಲ್ಲಿರುವ ಅಜ್ಜಿಯ ಹತ್ತಿರ ಕೇಳಿ ನೋಡಿ. ಅವರೂ ಉತ್ತರ ಹೇಳುವುದಿಲ್ಲ. "ಯಾರ್ಯಾರು ಬತ್ತಾವ್ರೆ?" ಎನ್ನುತ್ತಾರೆ. ಒಬ್ಬರಿಗೆ ಬೇಕಾದದ್ದು ಎಷ್ಟು ಎಂಬುದು, ಇನ್ನೊಬ್ಬರಿಗೆ ಬೇಕಾದದ್ದು ಯಾರು ಎಂಬುದು. ಈ ಎರಡು ಪ್ರಶ್ನೆಗಳ ನಡುವೆ ಸುಮಾರು ಮುಕ್ಕಾಲು ಶತಮಾನದ ಚರಿತ್ರೆ ಇದೆ. ರಾಜರು, ಯುದ್ಧಗಳು, ಒಪ್ಪಂದಗಳ ಚರಿತ್ರೆಯನ್ನು ನೀವು ಓದುತ್ತಲೇ ಇದ್ದೀರಿ. ಅಡುಗೆಮನೆಯ ಲೆಕ್ಕಕ್ಕೂ ಚರಿತ್ರೆ ಇರುತ್ತದೆ ಎಂಬುದನ್ನು ಈ ಪುಟಗಳಲ್ಲಿ ನೋಡೋಣ. ಮಾಂಸ ತಿನ್ನದ ಮನೆಯ ಓದುಗರು ಪುಟ ತಿರುಗಿಸಬೇಕಾಗಿಲ್ಲ. ನಿಮ್ಮ ಮನೆಯ ಒಬ್ಬಟ್ಟಿನ ಲೆಕ್ಕವೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆದುಬಂದಿದೆ.

ಬುಟ್ಟಿಯ ಕೆಳಗಿನ ಬಂಡವಾಳ

ಇಂದು ನಾವು ಪಶ್ಚಿಮ ಬೆಂಗಳೂರು ಎನ್ನುವ ಪ್ರದೇಶ ಹಿಂದೆ ಹಳ್ಳಿಗಳ ಸಾಲಾಗಿತ್ತು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಮೂಡಲಪಾಳ್ಯ, ಅತ್ತಿಗುಪ್ಪೆ, ನಾಗರಭಾವಿ. ಇವುಗಳಲ್ಲಿ ಕೆಲವು ಇಂದು ಬಸ್ ನಿಲ್ದಾಣದ ಹೆಸರಾಗಿ, ಕೆಲವು ಮೆಟ್ರೊ ನಿಲ್ದಾಣದ ಹೆಸರಾಗಿ ಉಳಿದಿವೆ. ರಾಗಿ ಹೊಲ, ಕೆರೆ, ಮಾರಮ್ಮನ ಗುಡಿ, ಹಿತ್ತಿಲಿನಲ್ಲಿ ಬುಟ್ಟಿ ಕವುಚಿ ಮುಚ್ಚಿದ ನಾಲ್ಕಾರು ಕೋಳಿ: ಊರೆಂದರೆ ಇಷ್ಟು.

ಅಂಥ ಮನೆಯಲ್ಲಿ ನೆಂಟರು ಬಂದಾಗ ಕೋಳಿಯನ್ನು ಕೊಳ್ಳುತ್ತಿರಲಿಲ್ಲ, ಆರಿಸುತ್ತಿದ್ದರು. ವ್ಯತ್ಯಾಸ ಸಣ್ಣದಲ್ಲ. ಕೊಳ್ಳುವವನು ಬಂದವರ ತಲೆ ಎಣಿಸುತ್ತಾನೆ, ಆರಿಸುವವಳು ಬುಟ್ಟಿಯೊಳಗಿನ ತಲೆ ಎಣಿಸುತ್ತಾಳೆ. ಮೊಟ್ಟೆ ಇಡುತ್ತಿರುವ ಕೋಳಿಯನ್ನು ಮುಟ್ಟುವಂತಿಲ್ಲ. ಕಾವಿಗೆ ಕೂತಿದ್ದನ್ನು ಎಬ್ಬಿಸುವಂತಿಲ್ಲ. ಮರಿಗಳ ಹಿಂದೆ ತಿರುಗುವ ತಾಯಿಕೋಳಿಯನ್ನು ಹಿಡಿದರೆ ಮರಿಗಳು ಹದ್ದಿನ ಪಾಲು. ಇನ್ನೂ ಮೊಟ್ಟೆಗೆ ಬಾರದ ಹ್ಯಾಟೆಯನ್ನು ಕುಯ್ದರೆ ಬರುವ ವರ್ಷದ ಆದಾಯವನ್ನೇ ಕುಯ್ದಂತೆ. ಕೊನೆಗೆ ಉಳಿಯುವುದು ಹೆಚ್ಚಾದ ಹುಂಜ, ಇಲ್ಲವೇ ಮೊಟ್ಟೆ ನಿಲ್ಲಿಸಿದ ಮುದಿ ಕೋಳಿ. ನಾಟಿ ಕೋಳಿ ವರ್ಷಕ್ಕೆ ಅರವತ್ತು ಎಪ್ಪತ್ತು ಮೊಟ್ಟೆ ಇಟ್ಟರೆ ಅದೇ ದೊಡ್ಡದು. ಒಂದೂವರೆ ಕೆ.ಜಿ. ತೂಗಬೇಕಾದರೆ ಅದಕ್ಕೆ ಆರು ತಿಂಗಳಾದರೂ ಬೇಕು. ಆದ್ದರಿಂದ ಒಂದು ಕೋಳಿ ಎಂದರೆ ಅರ್ಧ ವರ್ಷದ ಸಾಕಣೆ.

ಈ ಬಂಡವಾಳ ಯಾರದು ಎಂಬುದನ್ನೂ ಗಮನಿಸಬೇಕು. ಹೊಲ, ಎತ್ತು, ಕುರಿ ಗಂಡಸರ ಹೆಸರಿನಲ್ಲಿದ್ದರೂ ಕೋಳಿ, ಮೊಟ್ಟೆಗಳ ಪುಡಿಗಾಸು ಮಾತ್ರ ಸಾಮಾನ್ಯವಾಗಿ ಹೆಂಗಸರ ಕೈಯಲ್ಲಿತ್ತು. ಮಗುವಿನ ಔಷಧಿಗೆ, ಬಳೆಗೆ, ಜಾತ್ರೆಯ ಖರ್ಚಿಗೆ ಆಗುತ್ತಿದ್ದದ್ದು ಆ ಹಣ. ಯಜಮಾನ ಜಗಲಿಯಲ್ಲಿ ಕೂತು "ಒಂದು ಕೋಳಿ ಕುಯ್ಯಿ" ಎಂದು ಸುಲಭವಾಗಿ ಹೇಳಿಬಿಡುತ್ತಿದ್ದ. ಮರ್ಯಾದೆ ಅವನದು, ಕೋಳಿ ಅವಳದು. "ಕೋಳಿ ಕೇಳಿ ಮಸಾಲೆ ಅರೀತಾರಾ?" ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಕೋಳಿ ಹಾಗಿರಲಿ, ಕೋಳಿ ಸಾಕಿದವಳನ್ನು ಕೇಳಿ ಅರೆಯುತ್ತಿದ್ದರೇ ಎಂದು ಆ ಗಾದೆಯ ಮುಂದೆ ಇನ್ನೊಂದು ಪ್ರಶ್ನೆ ಇಡಬಹುದು.

ಹಾಗಾದರೆ ಒಂದೇ ಕೋಳಿ ಹತ್ತು ಜನಕ್ಕೆ ಸಾಲುತ್ತಿದ್ದದ್ದು ಹೇಗೆ? ಸಾರಿನಿಂದ. ಕೋಳಿಯನ್ನು ಪುಕ್ಕ ಕಿತ್ತು, ಉರಿಯಲ್ಲಿ ಸುಟ್ಟು, ಅರಿಶಿನ ಬಳಿದು, ಸಣ್ಣ ಸಣ್ಣ ತುಂಡು ಮಾಡಿ, ಒರಳಿನಲ್ಲಿ ರುಬ್ಬಿದ ಖಾರ ಹಾಕಿ ಬೇಯಿಸಿದರೆ ಅದರ ಮೂಳೆ, ಚರ್ಮಗಳ ರುಚಿಯೆಲ್ಲ ಎಸರಿಗೆ ಇಳಿಯುತ್ತದೆ. ಹೊಟ್ಟೆ ತುಂಬಿಸುವ ಕೆಲಸ ರಾಗಿಮುದ್ದೆಯದು, ಮುದ್ದೆಯನ್ನು ಗಂಟಲಿಗೆ ಇಳಿಸುವ ಕೆಲಸ ಸಾರಿನದು. ತುಂಡಿನ ಕೆಲಸವೇ ಬೇರೆ. ಅದು ಹಸಿವಿಗಲ್ಲ, ಗೌರವಕ್ಕೆ. ತೊಡೆಯ ತುಂಡು ಅಳಿಯನ ಮುದ್ದೆಯ ಪಕ್ಕ ಬೀಳಬೇಕು. ಎರಡನೆಯ ತೊಡೆ ಬೀಗರಿಗೆ, ಇಲ್ಲವೇ ಬಂದವರಲ್ಲಿ ಹಿರಿಯರಿಗೆ. ಲಿವರ್ ಮಕ್ಕಳಿಗೆ. ಎದೆ, ರೆಕ್ಕೆಗಳು ಪಂಕ್ತಿಯಲ್ಲಿ ಉಳಿದವರಿಗೆ. ಬೆನ್ನು, ಕತ್ತು, ತಳದ ಎಸರು ಅಡುಗೆ ಮಾಡಿ ಕೊನೆಗೆ ಕೂತವರಿಗೆ. ಕೋಳಿಗೆ ಎರಡೇ ಕಾಲು. ಗೌರವಕ್ಕೆ ಪಾತ್ರರಾದವರು ಇಬ್ಬರಿಗಿಂತ ಹೆಚ್ಚು ಬಂದರೆ, ಹಸಿವಿನ ಲೆಕ್ಕದಲ್ಲಿ ಒಂದು ಕೋಳಿ ಸಾಕಾಗಿದ್ದರೂ ಎರಡನೆಯದಕ್ಕೆ ಕೈ ಹಾಕಲೇಬೇಕು. ಅಜ್ಜಿ "ಯಾರ್ಯಾರು ಬತ್ತಾವ್ರೆ?" ಎಂದು ಕೇಳುವುದು ಇದಕ್ಕೇ. ಅವರು ಎಣಿಸುತ್ತಿರುವುದು ಹೊಟ್ಟೆಗಳನ್ನಲ್ಲ, ತೊಡೆಗಳನ್ನು.

ಅತಿಥಿಗೆ ಅಂಗಳದ ಕೋಳಿಯನ್ನು ಹಿಡಿಯುವ ರೂಢಿಯನ್ನು ಬ್ರಿಟಿಷ್ ಅಧಿಕಾರಿಗಳೂ ಚೆನ್ನಾಗಿ ಬಲ್ಲವರಾಗಿದ್ದರು. ಪ್ರವಾಸದಲ್ಲಿ ಅವರು ತಂಗುತ್ತಿದ್ದ ಡಾಕ್ ಬಂಗಲೆಗಳಲ್ಲಿ ಸಾಹೇಬರು ಗೇಟಿನೊಳಗೆ ಬಂದಾಗ ಅಂಗಳದಲ್ಲಿ ಓಡಾಡುತ್ತಿದ್ದ ಕೋಳಿ, ಅವರು ಸ್ನಾನ ಮಾಡಿ ಬಟ್ಟೆ ಬದಲಿಸುವಷ್ಟರಲ್ಲಿ ಮೇಜಿನ ಮೇಲಿರುತ್ತಿತ್ತು. ಆ ಖಾದ್ಯಕ್ಕೆ ಅವರು ಇಟ್ಟ ಹೆಸರು 'ಸಡನ್ ಡೆತ್'. 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಆಂಗ್ಲೋ-ಇಂಡಿಯನ್ ಪದಕೋಶದಲ್ಲಿ ಈ ಪದ ಸೇರಿದೆ. ಒಬ್ಬ ಅತಿಥಿಗೆ ಒಂದು ಕೋಳಿ! ನಮ್ಮ ಹಳ್ಳಿಯ ಲೆಕ್ಕದಲ್ಲಿ ಹತ್ತು ಜನರ ಊಟ ಅದು.

ಬೀಗರೂಟಕ್ಕೆ ಕೋಳಿ ಏಕಿರಲಿಲ್ಲ?

ಹಳೆಯ ಮೈಸೂರು ಸೀಮೆಯಲ್ಲಿ ಅತಿ ಹೆಚ್ಚು ಅತಿಥಿಗಳನ್ನು ಒಟ್ಟಿಗೆ ಕಾಣುವ ಬಾಡೂಟ ಬೀಗರೂಟ. ಮದುವೆಯ ದಿನ ಸಿಹಿಯೂಟ, ಅದು ಮುಗಿದ ಮೇಲೆ ಬೀಗರನ್ನು ಕರೆದು ಮಾಂಸದೂಟ. ಹಿಂದೆ ಇಲ್ಲಿ ಮುಖ್ಯವಾಗಿ ಬೇಯುತ್ತಿದ್ದದ್ದು ಕುರಿ, ಮೇಕೆ. ಕಾರಣ ರುಚಿಯಷ್ಟೇ ಅಲ್ಲ, ಸರಳ ಭಾಗಾಕಾರ. ಒಂದು ನಾಟಿ ಕೋಳಿಗೆ ಆರು ಜನ ಎಂದು ಹಿಡಿದರೂ ನೂರು ಜನಕ್ಕೆ 17 ಕೋಳಿ ಬೇಕು. ಯಾವ ಹಿತ್ತಿಲಿನಲ್ಲೂ ಕುಯ್ಯಬಹುದಾದ 17 ಕೋಳಿ ಒಟ್ಟಿಗೆ ಸಿಗುವುದಿಲ್ಲ. ಅದೇ ಹದಿನೈದು ಕೆ.ಜಿ. ಮಾಂಸ ಬೀಳುವ ಒಂದು ಟಗರು, ತಲೆಗೆ 150 ಗ್ರಾಂನಂತೆ ಅಷ್ಟೂ ಜನಕ್ಕೆ ಆಗುತ್ತದೆ. ಹೀಗೆ ಕೋಳಿ ಸಣ್ಣ ಅತಿಥ್ಯದ ಹಕ್ಕಿಯಾಗಿ, ಹೇಳದೆ ಬಂದ ನೆಂಟರ ಹಕ್ಕಿಯಾಗಿ ಉಳಿಯಿತು.

ದೊಡ್ಡ ಪ್ರಾಣಿಯನ್ನು ಹಂಚಿಕೊಳ್ಳಲು ನಮ್ಮವರು ಕಂಡುಕೊಂಡ ಉಪಾಯ ಗುಡ್ಡೆ ಮಾಂಸ. ಕೆಲವು ಮನೆಯವರು ಸೇರಿ ಒಂದು ಕುರಿ ಕೊಂಡು, ಎಲ್ಲ ಭಾಗಗಳೂ ಎಲ್ಲರಿಗೂ ಬರುವಂತೆ ಎಲೆಯ ಮೇಲೆ ಸಮನಾದ ಗುಡ್ಡೆಗಳನ್ನು ಹಾಕಿ, ಮನೆಗೊಂದು ಗುಡ್ಡೆ ಒಯ್ಯುತ್ತಾರೆ. ತಕ್ಕಡಿ ಬೇಕಿಲ್ಲ, ಕಣ್ಣೇ ಅಳತೆ. ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ ಪಶ್ಚಿಮ ಬೆಂಗಳೂರಿನ ಹಳೆಯ ಊರುಗಳಲ್ಲೂ ಗುಡ್ಡೆ ಮಾಂಸಕ್ಕೆ ತಿಂಗಳು ತಿಂಗಳು ಚೀಟಿ ಕಟ್ಟಿ ಹಣ ಕೂಡಿಸುವವರಿದ್ದಾರೆ. ಕೋಳಿಯನ್ನು ಹೀಗೆ ಗುಡ್ಡೆ ಹಾಕಲು ಬರುವುದಿಲ್ಲ. ಹತ್ತು ಮನೆಗೆ ಎರಡು ತೊಡೆ ಹಂಚುವುದು ಹೇಗೆ? ಅದು ಒಂದು ಮನೆಗೆ ಇಡಿಯಾಗಿಯೇ ಬರಬೇಕು.

ಅತಿಥಿಗಳ ಸಂಖ್ಯೆಗೆ ಸರ್ಕಾರವೇ ಮಿತಿ ಹಾಕಿದ ಕಾಲವೂ ಇತ್ತೆಂದರೆ ನಿಮಗೆ ಆಶ್ಚರ್ಯವಾಗಬಹುದು. 1960ರ ದಶಕದ ಆಹಾರ ಅಭಾವದಲ್ಲಿ ದೇಶದ ಹಲವು ರಾಜ್ಯಗಳು ಅತಿಥಿ ನಿಯಂತ್ರಣ ಆಜ್ಞೆಗಳನ್ನು ಹೊರಡಿಸಿದ್ದವು. ಔತಣಕ್ಕೆ ಇಷ್ಟೇ ಜನ ಎಂಬ ಮಾತು ಮತ್ತೆ ಕೇಳಿಬಂದದ್ದು 2020ರ ಮೇ ತಿಂಗಳಲ್ಲಿ, ಕೋವಿಡ್ ಕಾರಣಕ್ಕೆ ಮದುವೆಗೆ 50 ಮಂದಿ ಎಂದು ನಿಗದಿಯಾದಾಗ. ಯಾರನ್ನು ಬಿಡುವುದು ಎಂಬುದೇ ಆಗ ಮನೆಮನೆಯ ಸಂಕಟವಾಗಿತ್ತು. ಊಟದ ಖರ್ಚು ಉಳಿಯಿತೆಂದು ಸಂತೋಷಪಟ್ಟವರು ನನಗೆ ಹೆಚ್ಚಾಗಿ ಸಿಗಲಿಲ್ಲ.

ಹಿತ್ತಿಲು ಹೋಯಿತು, ತಕ್ಕಡಿ ಬಂತು

1949ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅವರ ಹೆಸರಿನಲ್ಲಿ ರಾಜಾಜಿನಗರ ಹುಟ್ಟಿತು. ಅದನ್ನು ಯೋಜಿಸಿದ್ದು ಕೈಗಾರಿಕಾ ಉಪನಗರವಾಗಿ. ಕಾರ್ಖಾನೆಯ ಕೆಲಸಗಾರರು, ಗುಮಾಸ್ತರು, ಮಾಗಡಿ, ಕುಣಿಗಲ್, ಚನ್ನಪಟ್ಟಣ, ಮಂಡ್ಯ ಕಡೆಯಿಂದ ಬಂದವರು ಇಲ್ಲಿ ನೆಲೆಸಿದರು. ಆಮೇಲೆ ವಿಜಯನಗರ, ಬಸವೇಶ್ವರನಗರ ಬೆಳೆದವು, ಕೆಂಗೇರಿ ಉಪನಗರ ಬಂತು. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಮನೆ, ಸಂಪು, ಮೇಲೊಂದು ಬಾಡಿಗೆ ಮನೆ ಕಟ್ಟಿದ ಮೇಲೆ ಕೋಳಿಗೆ ಜಾಗವೆಲ್ಲಿ? ನೆಂಟರು ಮಾತ್ರ ಕಡಿಮೆಯಾಗಲಿಲ್ಲ. ನಗರದಲ್ಲಿ ಮನೆ ಮಾಡಿದವನ ಮನೆಗೆ ಆಸ್ಪತ್ರೆಗೆ, ಕಚೇರಿಗೆ, ಕೆಲಸ ಹುಡುಕಲು ಊರಿನವರೆಲ್ಲ ಬರುತ್ತಿದ್ದರು. ಬರುವಾಗ ಕೆಲವರು ಚೀಲದಲ್ಲಿ ಕೋಳಿಯನ್ನೂ ತರುತ್ತಿದ್ದರು. ಅತಿಥಿಯೇ ತನ್ನ ಊಟವನ್ನು ಕಂಕುಳಲ್ಲಿ ತಂದಂತಾಯಿತು. ಉಳಿದಂತೆ ಸೈಕಲ್ಲಿಗೆ ಕಾಲು ಕಟ್ಟಿ ನೇತುಹಾಕಿದ ಕೋಳಿಗಳೊಂದಿಗೆ ಬೀದಿ ಬೀದಿ ಸುತ್ತುವ ವ್ಯಾಪಾರಿಗಳಿದ್ದರು. ಅವರಲ್ಲಿ ತೂಕವಿಲ್ಲ. ಕೋಳಿಯ ಎದೆಮೂಳೆ ಒತ್ತಿ, ರೆಕ್ಕೆಯಡಿ ಹಿಡಿದು ತೂಗಿ ನೋಡಿ, ಬೆಲೆ ಮಾತಾಡುವುದು. ಕೈಯಂದಾಜು ಒಂದು ವಿದ್ಯೆಯಾಗಿತ್ತು.

ಇದೇ ಸಮಯದಲ್ಲಿ ಅಳತೆಗಳೂ ಬದಲಾದವು. ಹಳೆಯ ಮೈಸೂರು ಸೀಮೆಯಲ್ಲಿ 24 ರೂಪಾಯಿ ನಾಣ್ಯಗಳ ತೂಕಕ್ಕೆ ಒಂದು ಕಚ್ಚಾ ಸೇರು, ಅಂದರೆ ಈಗಿನ ಸುಮಾರು 280 ಗ್ರಾಂ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೇರೆಗೆ 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಹಂತಹಂತವಾಗಿ ಜಾರಿಗೆ ಬಂತು. ಕಿಲೋ ಬಂದ ಮಾತ್ರಕ್ಕೆ ಕೋಳಿ ತಕ್ಕಡಿ ಏರಲಿಲ್ಲ. ಏಕೆಂದರೆ ನಾಟಿ ಕೋಳಿ ಒಂದರಂತೆ ಒಂದಿಲ್ಲ. ಒಂದು 900 ಗ್ರಾಂ, ಇನ್ನೊಂದು ಎರಡು ಕೆ.ಜಿ. ಒಂದು ಎಳಸು, ಇನ್ನೊಂದು ಮೂರು ವರ್ಷದ ಗಟ್ಟಿ ಹುಂಜ. ಇವೆರಡಕ್ಕೂ ಕೆ.ಜಿ.ಗೆ ಒಂದೇ ದರ ಎಂದರೆ ಒಪ್ಪುವವರಾರು? ತಕ್ಕಡಿ ಗೆಲ್ಲಬೇಕಾದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಕೋಳಿ ಬೇಕಿತ್ತು. ಅದು ಬಂದ ದಾರಿ ದೂರದ್ದು.

ಅಮೆರಿಕದ ಡೆಲವೇರ್ ರಾಜ್ಯದಲ್ಲಿ 1923ರಲ್ಲಿ ಸಿಸಿಲ್ ಸ್ಟೀಲ್ ಎಂಬ ರೈತ ಮಹಿಳೆ ಮೊಟ್ಟೆಗಾಗಿ 50 ಮರಿ ತರಿಸಿದರು. ಪೊರಪಾಟಿನಿಂದ 500 ಮರಿ ಬಂದವು. ಹಿಂದಕ್ಕೆ ಕಳುಹಿಸದೆ ಸಾಕಿ, ಸುಮಾರು 18 ವಾರಕ್ಕೆ ಎರಡು ಪೌಂಡ್ ತೂಗಿದಾಗ ಮಾಂಸಕ್ಕೆ ಮಾರಿದರು. ಲಾಭ ಬಂತು, ಮರುವರ್ಷ ಇನ್ನಷ್ಟು ತರಿಸಿದರು. ಮಾಂಸಕ್ಕೆಂದೇ ಕೋಳಿ ಸಾಕುವ ಉದ್ಯಮದ ಆರಂಭವನ್ನು ಸಾಮಾನ್ಯವಾಗಿ ಇಲ್ಲಿಂದ ಎಣಿಸುತ್ತಾರೆ. ಇಲ್ಲಿಯೂ ಮೊದಲ ಹೆಜ್ಜೆ ಒಬ್ಬ ಹೆಂಗಸಿನದೇ ಎಂಬುದನ್ನು ನೆನಪಿಡಿ. ಮುಂದೆ 1948ರಲ್ಲಿ 'ನಾಳೆಯ ಕೋಳಿ' ಎಂಬ ಹೆಸರಿನ ರಾಷ್ಟ್ರೀಯ ಸ್ಪರ್ಧೆಯ ಅಂತಿಮ ಸುತ್ತು ಅದೇ ಡೆಲವೇರ್‌ನಲ್ಲಿ ನಡೆಯಿತು. ಎದೆ ತುಂಬಿದ, ಬೇಗ ಬೆಳೆಯುವ ಕೋಳಿ ಯಾರದು ಎಂಬುದೇ ಸ್ಪರ್ಧೆ. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವ್ಯಾಂಟ್ರೆಸ್ ಗೆದ್ದರು. ಅವರದು ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಷೈರ್ ತಳಿಗಳ ಬೆರಕೆ.

ಕಾರ್ನಿಷ್ ತಳಿಯ ಮೂಲ ಕೇಳಿದರೆ ನಿಮಗೆ ಸಂತೋಷವಾದೀತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಅದನ್ನು ರೂಪಿಸಿದ್ದು ಭಾರತದಿಂದ ಹೋದ ಅಸೀಲ್ ಎಂಬ ಕಾಳಗದ ಹುಂಜವನ್ನು ಬೆರೆಸಿ. ಅದರ ಹಳೆಯ ಹೆಸರೇ 'ಇಂಡಿಯನ್ ಗೇಮ್'. ಇನ್ನೊಂದು ಸಂಗತಿ 2008ರಲ್ಲಿ ಗೊತ್ತಾಯಿತು. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ ಎಂಬುದು ಡಾರ್ವಿನ್ ಕಾಲದಿಂದಲೂ ಇರುವ ಮಾತು. ಆದರೆ ಅಂಗಡಿಯ ಕೋಳಿಯ ಹಳದಿ ಚರ್ಮಕ್ಕೆ ಕಾರಣವಾದ ವಂಶವಾಹಿ ಕೆಂಪು ಕಾಡುಕೋಳಿಯದಲ್ಲ, ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿಯದು ಎಂದು ತಳಿವಿಜ್ಞಾನಿಗಳು ತೋರಿಸಿದರು. ಬ್ರಾಯ್ಲರ್ ಕೋಳಿಯನ್ನು ಪರದೇಶಿ ಎಂದು ಜರೆಯುವವರಿಗೆ ನಾನು ಹೇಳುವುದಿಷ್ಟೇ: ಅದು ಹೊರಗಿನವನಲ್ಲ, ವಿದೇಶದಲ್ಲಿ ಓದಿ ಹಿಂದಿರುಗಿದ ಮೊಮ್ಮಗ. ಮನೆಯವರಿಗೆ ಗುರುತು ಸಿಗದಷ್ಟು ದಪ್ಪವಾಗಿ ಬಂದಿದ್ದಾನೆ, ಅಷ್ಟೆ.

ಎಷ್ಟು ದಪ್ಪ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ, 1978ರ ಮತ್ತು 2005ರ ಕೋಳಿ ತಳಿಗಳನ್ನು ಒಟ್ಟಿಗೆ, ಒಂದೇ ಆಹಾರ ಹಾಕಿ ಸಾಕಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56 ದಿನಗಳಿಗೆ 1957ರ ತಳಿ 905 ಗ್ರಾಂ, 1978ರದು 1808 ಗ್ರಾಂ, 2005ರದು 4202 ಗ್ರಾಂ ತೂಗಿತು. ಆಹಾರ ಒಂದೇ ಆದ್ದರಿಂದ ಈ ವ್ಯತ್ಯಾಸಕ್ಕೆ ಕಾರಣ ತಳಿ ಆಯ್ಕೆ. ಹಾರ್ಮೋನ್ ಚುಚ್ಚಿ ಬೆಳೆಸುತ್ತಾರೆ ಎಂಬ ಮಾತನ್ನು ನೀವು ಬಸ್ಸಿನಲ್ಲಿ ಕೇಳಿರುತ್ತೀರಿ, ಅದನ್ನು ನಂಬಬೇಕಾಗಿಲ್ಲ. ಪ್ರತಿಜೀವಕ ಔಷಧಿಗಳ ಅತಿಬಳಕೆ ಮಾತ್ರ ನಿಜವಾದ ಚಿಂತೆ. ಕೊಲಿಸ್ಟಿನ್ ಎಂಬ ಔಷಧಿಯನ್ನು ಸಾಕುಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು.

ಭಾರತದಲ್ಲಿ ಡಾ. ಬಿ.ವಿ. ರಾವ್ ಅವರು 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಆರಂಭಿಸಿದ್ದು ಕೋಳಿ ಉದ್ಯಮದ ಒಂದು ತಿರುವು. ನಮ್ಮ ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವಿಜ್ಞಾನಿಗಳು ಹಿತ್ತಿಲಿನಲ್ಲೇ ಸಾಕಬಹುದಾದ, ಆದರೆ ನಾಟಿಗಿಂತ ಬೇಗ ತೂಕ ಬರುವ ಗಿರಿರಾಜ ತಳಿಯನ್ನು 1989ರಲ್ಲಿ ಬಿಡುಗಡೆ ಮಾಡಿದರು. 2005ರಲ್ಲಿ ಸ್ವರ್ಣಧಾರಾ ಬಂತು. ಗಿರಿರಾಜ ಹುಂಜವನ್ನು ಹಳ್ಳಿಗಳಲ್ಲಿ ನೋಡಿದ್ದೀರಾದರೆ ಅದರ ಗಾತ್ರ ನಿಮಗೆ ಗೊತ್ತು. ನಾಟಿಯ ಲೆಕ್ಕದಲ್ಲಿ ಎರಡು ಕೋಳಿ ಒಂದೇ ಚರ್ಮದೊಳಗಿರುತ್ತದೆ. ಆದರೂ ನಗರದ ಅಂಗಡಿಯನ್ನು ಗೆದ್ದದ್ದು ಬಿಳಿ ಬ್ರಾಯ್ಲರ್. ಆರು ವಾರದೊಳಗೆ ಎರಡು ಕೆ.ಜಿ., ಒಂದಕ್ಕೊಂದು ಅಣ್ಣತಮ್ಮಂದಿರಂತೆ ಒಂದೇ ತೂಕ, ಅರ್ಧ ಗಂಟೆಯೊಳಗೆ ಬೇಯುವ ಮಾಂಸ. ತಕ್ಕಡಿಗೆ ಬೇಕಾದ ಹಕ್ಕಿ ಸಿಕ್ಕಿತು. ಬೀಗರೂಟದ ಎಲೆಗೂ ಕೋಳಿ ಬಂತು, ಮಟನ್ ಜೊತೆಗೆ ಚಿಕನ್ ಕಬಾಬ್ ಇಲ್ಲದ ಬೀಗರೂಟ ಈಗ ಅಪರೂಪ.

ಈಗ ಲೆಕ್ಕ ಮಾಡೋಣ

ಅಂಗಡಿಯ ಹಲಗೆಯಲ್ಲಿ ಮೂರು ದರಗಳನ್ನು ನೋಡಿರುತ್ತೀರಿ: ಜೀವಂತ ಕೋಳಿಗೆ ಒಂದು, ಚರ್ಮ ಸಹಿತ ಮಾಂಸಕ್ಕೆ ಒಂದು, ಚರ್ಮ ತೆಗೆದದ್ದಕ್ಕೆ ಒಂದು. ಇದರ ಹಿಂದೆ ಮೋಸವಿಲ್ಲ, ಶೇಕಡಾವಾರು ಲೆಕ್ಕವಿದೆ. ರಕ್ತ, ಪುಕ್ಕ, ತಲೆ, ಪಾದ, ಕರುಳು ಹೋದ ಮೇಲೆ ಜೀವಂತ ತೂಕದ ಸುಮಾರು ಶೇ. 72ರಿಂದ 75 ಉಳಿಯುತ್ತದೆ. ಚರ್ಮವನ್ನೂ ಸುಲಿದರೆ ಸುಮಾರು ಶೇ. 65, ಅಂದರೆ ಮೂರರಲ್ಲಿ ಎರಡು ಪಾಲು. ಆ ಮಾಂಸದಲ್ಲೂ ಮೂರನೆಯ ಒಂದು ಪಾಲಿನಷ್ಟು ಮೂಳೆ. ಬೇಯುವಾಗ ನೀರು ಬಿಟ್ಟು ಇನ್ನೊಂದು ಕಾಲು ಭಾಗ ಇಳಿಯುತ್ತದೆ. ಹಾಗಾಗಿ ತಲೆಗೆ 200 ಗ್ರಾಂ ಹಸಿ ಮಾಂಸ ತಂದರೆ ನಿಜವಾಗಿ ಬಾಯಿಗೆ ಹೋಗುವುದು ಸುಮಾರು 100 ಗ್ರಾಂ. ಮುದ್ದೆ, ಸಾರು, ಅನ್ನ ಇರುವ ಊಟಕ್ಕೆ ಇದು ಧಾರಾಳ. ಸಾರಿನ ತುಂಡು 50 ಗ್ರಾಂನದಾದರೆ ಎಲೆಗೆ ನಾಲ್ಕು ತುಂಡು.

ಮೊದಲು ಹೇಳಿದ 30 ಮಂದಿಯನ್ನು ತೆಗೆದುಕೊಳ್ಳಿ. ಅವರಲ್ಲಿ ಐವರು ಮಾಂಸ ತಿನ್ನುವುದಿಲ್ಲ, ಎಂಟು ಮಕ್ಕಳು. ಮಕ್ಕಳನ್ನು ಅರ್ಧ ಅರ್ಧ ಎಂದು ಹಿಡಿದರೆ 17 ಕೂಡಿಸು 4, ಒಟ್ಟು 21 ಪಾಲು. 200 ಗ್ರಾಂನಂತೆ 4 ಕೆ.ಜಿ. 200 ಗ್ರಾಂ ಮಾಂಸ. ಚರ್ಮ ತೆಗೆದ ಲೆಕ್ಕದಲ್ಲಿ ಜೀವಂತ ತೂಕ ಸುಮಾರು ಆರೂವರೆ ಕೆ.ಜಿ. ಎರಡು ಕೆ.ಜಿ.ಗೆ ಸ್ವಲ್ಪ ಮೇಲ್ಪಟ್ಟ ಮೂರು ಬ್ರಾಯ್ಲರ್ ಆಯಿತು. ಅದೇ ಒಂದೂವರೆ ಕೆ.ಜಿ.ಯ ನಾಟಿ ಕೋಳಿಯಾದರೆ ಒಂದಕ್ಕೆ ಒಂದು ಕೆ.ಜಿ.ಯಷ್ಟೇ ಮಾಂಸ ಬೀಳುತ್ತದೆ, ನಾಲ್ಕು ಸಾಲದು, ಐದು ಬೇಕು. ಜೊತೆಗೆ ಒಲೆಯ ಮೇಲೆ ಒಂದು ಗಂಟೆಗೂ ಹೆಚ್ಚು ಸಮಯ. ಬಿರಿಯಾನಿಯೋ, ಇನ್ನೆರಡು ಪಲ್ಯಗಳೋ ಇದ್ದರೆ ತಲೆಗೆ 150 ಗ್ರಾಂಗೆ ಇಳಿಸಬಹುದು. ಕಬಾಬ್ ಪ್ರತ್ಯೇಕ ಮಾಡುವುದಾದರೆ ಇಳಿಸಬೇಡಿ, ಏಕೆಂದರೆ ಹುಡುಗರ ಗುಂಪು ಕಬಾಬಿಗೆ ಲೆಕ್ಕವಿಲ್ಲದೆ ಕೈ ಹಾಕುತ್ತದೆ. ಅವರನ್ನು ಅರ್ಧ ಎಂದು ಹಿಡಿದವರು ಹುಡುಗರನ್ನು ನೋಡಿಲ್ಲ.

ಗಣಿತ ಸರಿ ಬಂತು. ಆದರೆ ಮೂರು ಕೋಳಿಗೆ ಆರೇ ಕಾಲು! 21 ಪಾಲುದಾರರಿಗೆ ಆರು ತೊಡೆ. ತೂಕದ ಲೆಕ್ಕ ತಪ್ಪದಿದ್ದರೂ ಗೌರವದ ಲೆಕ್ಕ ಇಲ್ಲಿ ತಪ್ಪಬಹುದು. ಅಂಗಡಿಯವರು ಇದಕ್ಕೂ ಪರಿಹಾರ ಇಟ್ಟಿದ್ದಾರೆ. ಬೇಕಾದರೆ ಲೆಗ್ ಪೀಸ್ ಮಾತ್ರ ಬೇರೆ ತೂಗಿ ಕೊಡುತ್ತಾರೆ. ಹತ್ತು ಕಾಲಿನ ಕೋಳಿ ಬೇಕೆಂದರೆ ಈಗ ಸಿಗುತ್ತದೆ. ಇಡೀ ಕೋಳಿಯ ಜೊತೆ ಬರುತ್ತಿದ್ದ ತಾರತಮ್ಯ, ಯಾರಿಗೆ ತೊಡೆ ಯಾರಿಗೆ ಕತ್ತು ಎಂಬ ತಾರತಮ್ಯ, ಇದರಿಂದ ಸಡಿಲವಾಯಿತು. ನನ್ನ ಅಭಿಪ್ರಾಯದಲ್ಲಿ ಬ್ರಾಯ್ಲರ್ ಕೋಳಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು. ರುಚಿಯ ವಿಷಯದಲ್ಲಿ ನಾನು ನಾಟಿಯ ಪಕ್ಷ, ಅದು ಬೇರೆ ಮಾತು.

ಇನ್ನೊಂದು ಎಣಿಕೆಯನ್ನು ನೋಡಿ. 30 ಮಂದಿ ನೆಂಟರು ಎಂದು ಲೆಕ್ಕ ಹಾಕಿದೆವು. ಅಡುಗೆ ಮಾಡಿದವರು, ಬಡಿಸಿದವರು, ಪಾತ್ರೆ ತೊಳೆದವರು ಈ ಮೂವತ್ತರಲ್ಲಿ ಇದ್ದಾರೆಯೇ? ಹಳೆಯ ಲೆಕ್ಕದಲ್ಲಿ ಅವರು ಇರುತ್ತಿರಲಿಲ್ಲ. ಉಳಿದದ್ದು ಅವರಿಗೆ, ಉಳಿಯದಿದ್ದರೆ ಎಸರು ಅವರಿಗೆ. ಒಂದು ಕೋಳಿಗೆ ಆರು ಜನ ಎಂಬ ಸೂತ್ರ ಸರಿಹೋಗುತ್ತಿದ್ದದ್ದು ಏಳನೆಯವಳನ್ನು ಎಣಿಸದೆ ಇದ್ದದ್ದರಿಂದ. ಕಾಗದದ ಮೇಲೆ ತಲೆಗೆ 200 ಗ್ರಾಂ ಎಂದು ಬರೆಯುವ ಕಾಲ ಬಂದ ಮೇಲೂ ಬರೆಯುವವರ ಪಟ್ಟಿಯಲ್ಲಿ ಮನೆಯ ಹೆಂಗಸರ ತಲೆ ಬಿಟ್ಟುಹೋಗುವುದನ್ನು ನಾನು ಕಂಡಿದ್ದೇನೆ. ಈ ಮನೆಯಲ್ಲಿ ಹೀಗೆ ಮೂವರಿದ್ದರೆ ಇನ್ನೂ 600 ಗ್ರಾಂ ಮಾಂಸ ಬೇಕು. ಕೋಳಿಗಳು ಮೂರಲ್ಲ, ನಾಲ್ಕು. ಸ್ವಲ್ಪ ಉಳಿದರೆ ಫ್ರಿಜ್ ಇದೆಯಲ್ಲ.

ಅಜ್ಜಿಯ ಪ್ರಶ್ನೆಯನ್ನು ಅಂಗಡಿಯ ಪ್ರಶ್ನೆ ಪೂರ್ತಿಯಾಗಿ ಹಿಂದೆ ಹಾಕಿಲ್ಲ. ಸೋಮವಾರ, ಶನಿವಾರ ಮುಟ್ಟದವರು ಯಾರು, ಶ್ರಾವಣ ಹಿಡಿದವರು ಯಾರು, ನಾಟಿ ಮಾತ್ರ ತಿನ್ನುವವರು ಯಾರು ಎಂಬುದು ಯಾವ ತಕ್ಕಡಿಗೂ ತಿಳಿಯದು. ಗಾಂಧಿ ಜಯಂತಿ, ಮಹಾವೀರ ಜಯಂತಿಯಂಥ ದಿನಗಳಲ್ಲಿ ಬೆಂಗಳೂರಿನಲ್ಲಿ ಮಾಂಸ ಮಾರಾಟ ಇರುವುದಿಲ್ಲ ಎಂಬುದನ್ನು ಮರೆತು ಊಟಕ್ಕೆ ಕರೆದವರ ಪಾಡು ಕೇಳಬೇಡಿ. ಹಕ್ಕಿಜ್ವರದ ಸುದ್ದಿ ಬಂದಾಗ ಎಷ್ಟು ಎಂಬ ಲೆಕ್ಕವೇ ತಲೆಕೆಳಗಾಗುತ್ತದೆ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2012ರ ಅಕ್ಟೋಬರ್‌ನಲ್ಲಿ ನಮ್ಮ ಹೆಸರಘಟ್ಟದಲ್ಲೇ, 2020ರ ಮಾರ್ಚ್‌ನಲ್ಲಿ ಮೈಸೂರಿನಲ್ಲಿ ಅದು ಕಾಣಿಸಿಕೊಂಡಿತು. 2020ರಲ್ಲಿ ಕೊರೊನಾಗೂ ಕೋಳಿಗೂ ಸಂಬಂಧ ಕಲ್ಪಿಸಿದ ವದಂತಿ ಬೇರೆ. ಚೆನ್ನಾಗಿ ಬೇಯಿಸಿದ ಕೋಳಿಯಿಂದ ಅಪಾಯವಿಲ್ಲ ಎಂದು ತಜ್ಞರು ಎಷ್ಟು ಹೇಳಿದರೂ ಬೆಲೆ ಕುಸಿಯಿತು. ಅಗ್ಗವೆಂದು ನಾಲ್ಕರ ಬದಲು ಎಂಟು ತಂದರೂ ತಿನ್ನಲು ಕೂತವರು ಇಲ್ಲ.

ಹೊಸತೊಡಕಿನ ಹಿಂದಿನ ಸಂಜೆ ರಾಜಾಜಿನಗರದಿಂದ ಕೆಂಗೇರಿಯವರೆಗೆ ಕೋಳಿ ಅಂಗಡಿಗಳ ಮುಂದೆ ಪಂಜರಗಳು ಪುಟ್‌ಪಾತಿನ ಮೇಲೆ ಏರಿರುತ್ತವೆ. ಬೆಳಗಿನ ಜಾವಕ್ಕೇ ಸಾಲು. ಆ ಹೊತ್ತಿನಲ್ಲಿ ಇಡೀ ಕೋಳಿ ಆರಿಸಿ ಕುಯ್ಯಿಸಲು ಸಮಯ ಸಿಗುವುದಿಲ್ಲ. ಬ್ರಾಯ್ಲರ್ ಆದರೆ ಹಿಂದಿನ ದಿನ, ನಾಟಿ ಆದರೆ ಎರಡು ದಿನ ಮುಂಚೆ ಹೇಳಿಡುವುದು ಲೇಸು. ಈ ಬಾರಿ ಆ ಜವಾಬ್ದಾರಿಯನ್ನು ನೀವು ವಹಿಸಿಕೊಂಡು ನೋಡಿ. ಹೋಗುವ ಮುನ್ನ ಮನೆಯ ಹಿರಿಯ ಹೆಂಗಸರ ಹತ್ತಿರ ಒಂದು ನೋಟ್ ಪುಸ್ತಕ ಹಿಡಿದು ಕೂತು, ಅವರು ಮದುವೆಯಾಗಿ ಬಂದ ಹೊಸದರಲ್ಲಿ ಹತ್ತು ಜನಕ್ಕೆ ಎಷ್ಟು ಕೋಳಿ ಕುಯ್ಯುತ್ತಿದ್ದರು, ಆ ಕೋಳಿ ಎಲ್ಲಿಂದ ಬರುತ್ತಿತ್ತು, ಆ ದಿನ ಅವರ ಎಲೆಗೆ ಬಿದ್ದ ತುಂಡು ಯಾವುದು ಎಂದು ಕೇಳಿ ಬರೆದುಕೊಳ್ಳಿ.